ಶಾಲೆ ತೆರೆಯುವ ಮುನ್ನ ನಿದ್ರೆಯ ಶಿಸ್ತು

‘ಸಿದ್ದು’ ಹಲಸಿನ ತವರಾದ ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಹಲಸು ಹಣ್ಣಾಗುವ ಹೊತ್ತಿಗೆ ಬೇಸಿಗೆ ರಜೆಯೂ ಮುಗಿಯುತ್ತದೆ. ರಜೆಯಲ್ಲಿ ನಡುರಾತ್ರಿಯವರೆಗೆ ಎಚ್ಚರವಿದ್ದ ಮಗುವನ್ನು ಶಾಲೆಯ ಮೊದಲ ದಿನ ನಸುಕಿನಲ್ಲೇ ಎಬ್ಬಿಸಿದರೆ ಅದು ತಿಂಡಿ ಬಿಟ್ಟು ಓಡುತ್ತದೆ, ತರಗತಿಯಲ್ಲಿ ತೂಕಡಿಸುತ್ತದೆ. ನಾವು ಅದನ್ನು ಸೋಮಾರಿತನವೆಂದು ಗದರುತ್ತೇವೆ. ದೋಷ ಮಗುವಿನದಲ್ಲ, ದೇಹದ ಗಡಿಯಾರ ಒಂದೇ ದಿನದಲ್ಲಿ ತಿರುಗದು.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಅವಶ್ಯ. ಆದ್ದರಿಂದ ಶಾಲೆ ತೆರೆಯುವ ಎರಡು ವಾರ ಮೊದಲಿನಿಂದಲೇ, ಎರಡು ದಿನಕ್ಕೊಮ್ಮೆ 15 ನಿಮಿಷ ಮುಂಚಿತವಾಗಿ ಮಲಗಿಸೋಣ, ಅಷ್ಟೇ ಮುಂಚಿತವಾಗಿ ಎಬ್ಬಿಸೋಣ. ಎದ್ದೊಡನೆ ಎಳೆಬಿಸಿಲು ಮೈಗೆ ತಾಗಲಿ. ಮಲಗುವ ಒಂದು ಗಂಟೆ ಮೊದಲೇ ಮೊಬೈಲು ದೂರ ಸರಿಯಲಿ. ಮೊದಲು ನಮ್ಮ ಕೈಯಲ್ಲಿರುವುದು. ಕೇಳಿದ್ದಕ್ಕಿಂತ ಕಂಡದ್ದನ್ನೇ ಮಕ್ಕಳು ಬೇಗ ಕಲಿಯುತ್ತಾರೆ.