ಅಪ್ಪನ ಪಿಎಸ್‌ಎ ಮತ್ತೆ ಏರಿದೆಯೇ? ಈ ಸ್ಕ್ಯಾನ್ ಬಗ್ಗೆ ತಿಳಿದಿರಿ

ಊರಿನಿಂದ ಅಪ್ಪ ಎಗ್ಮೋರ್ ಸ್ಟೇಷನ್ನಿನಲ್ಲಿ ಬಂದಿಳಿಯುತ್ತಾರೆ. ಕೈಚೀಲದಲ್ಲಿ ಹಳೆಯ ಫೈಲು. ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಗಿತ್ತು, ಈಗ ಪಿಎಸ್‌ಎ ಏರುತ್ತಿದೆ. "ಆರಾಮಾಗೇ ಇದ್ದೀನಲ್ಲ, ಇನ್ನೆಂಥ ಸ್ಕ್ಯಾನು?" ಎನ್ನುತ್ತಾರೆ. ಚೆನ್ನೈನ ನಮ್ಮ ಎಷ್ಟೋ ಮನೆಗಳ ಮಾತಿದು.

*ಯಾವಾಗ ಎಚ್ಚರ?*
ಪ್ರಾಸ್ಟೇಟ್ ತೆಗೆದ ಮೇಲೆ ಪಿಎಸ್‌ಎ ಶೂನ್ಯದ ಹತ್ತಿರ ಇರಬೇಕು. 0.2 ಮುಟ್ಟಿ, ಎರಡನೇ ಪರೀಕ್ಷೆಯಲ್ಲೂ ಇಳಿಯದಿದ್ದರೆ ರೋಗ ಮರಳಿರಬಹುದು. ರೇಡಿಯೇಷನ್ ಪಡೆದವರಿಗೆ ಲೆಕ್ಕ ಬೇರೆ: ಅತಿ ಕಡಿಮೆಗೆ ಇಳಿದಿದ್ದ ಮಟ್ಟಕ್ಕಿಂತ 2 ಹೆಚ್ಚಾದಾಗ. ಈ ಹಂತದಲ್ಲಿ ಸಾಮಾನ್ಯವಾಗಿ ನೋವು ಇರುವುದಿಲ್ಲ.

*ಸ್ಕ್ಯಾನ್ ಏನು ಮಾಡುತ್ತದೆ?*
ರಕ್ತಪರೀಕ್ಷೆ ರೋಗ ಇದೆ ಎನ್ನುತ್ತದೆ, ಎಲ್ಲಿದೆ ಎನ್ನುವುದಿಲ್ಲ. ಹೆಚ್ಚಿನ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳ ಮೇಲೆ ಪಿಎಸ್‌ಎಂಎ ಎಂಬ ಪ್ರೋಟೀನ್ ಬಹಳ ಇರುತ್ತದೆ. ಅದಕ್ಕೆ ಅಂಟಿಕೊಳ್ಳುವ ಔಷಧಿಗೆ ಗ್ಯಾಲಿಯಂ-68 ಅಥವಾ ಫ್ಲೋರಿನ್-18 ಸೇರಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಸುಮಾರು ಒಂದು ಗಂಟೆ ಬಿಟ್ಟು ಪೆಟ್ ಸ್ಕ್ಯಾನ್. ಔಷಧಿ ಸೇರಿದ ಜಾಗ ಹೊಳೆಯುತ್ತದೆ. ಗ್ಯಾಲಿಯಂನ ವಿಕಿರಣ 68 ನಿಮಿಷಕ್ಕೆ ಅರ್ಧವಾಗುತ್ತದೆ. ಅಮೆರಿಕದ ಎಫ್‌ಡಿಎ ಇದಕ್ಕೆ 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು.

*ಚೀಟಿ ನೋಡಿ*
ಬರೀ "ಪೆಟ್ ಸ್ಕ್ಯಾನ್" ಎಂದಿದ್ದರೆ ಡಾಕ್ಟರನ್ನು ಕೇಳಿ. ಸಾಮಾನ್ಯ ಪೆಟ್‌ನಲ್ಲಿ ಬಳಸುವುದು ಸಕ್ಕರೆಯಂಥ ಔಷಧಿ. ಪ್ರಾಸ್ಟೇಟ್ ಕ್ಯಾನ್ಸರ್ ಅದನ್ನು ಅನೇಕ ಸಲ ಹೀರುವುದಿಲ್ಲ. ದುಡ್ಡೂ ಹೋಗಿ, ಉತ್ತರವೂ ಸಿಗದಂತಾಗಬಾರದು.

*ಎಷ್ಟು ನಂಬಬಹುದು?*
2019ರಲ್ಲಿ ಪ್ರಕಟವಾದ 635 ಪುರುಷರ ಅಧ್ಯಯನದಲ್ಲಿ, ಪಿಎಸ್‌ಎ 0.5ಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 38 ಮಂದಿಗೆ ರೋಗದ ಜಾಗ ಕಂಡಿತು. 5 ಮತ್ತು ಮೇಲಿದ್ದವರಲ್ಲಿ ಶೇ 97 ಮಂದಿಗೆ. ಹಾಗೆಂದು ಪಿಎಸ್‌ಎ ಏರಲಿ ಎಂದು ಕಾಯಬೇಡಿ. ಆಪರೇಷನ್ ನಂತರ ಕೊಡುವ ರೇಡಿಯೇಷನ್ ಪಿಎಸ್‌ಎ ಕಡಿಮೆ ಇರುವಾಗಲೇ ಹೆಚ್ಚು ಫಲ ಕೊಡುತ್ತದೆ. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಡಾಕ್ಟರು ಚಿಕಿತ್ಸೆಗೆ ಹೇಳಬಹುದು.

*ನೆನಪಿಡಿ*
✅ ನೀರು ಚೆನ್ನಾಗಿ ಕುಡಿಯಲಿ, ಸ್ಕ್ಯಾನ್‌ಗೆ ಮುಂಚೆ ಮೂತ್ರ ಮಾಡಿ ಬರಲಿ. ಊಟದ ಬಗ್ಗೆ ಸೆಂಟರಿನವರನ್ನೇ ಕೇಳಿ.
✅ ಹಳೆಯ ಪಿಎಸ್‌ಎ ವರದಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ.
✅ ಅಂದು ಕೆಲವು ಗಂಟೆ ಮೊಮ್ಮಕ್ಕಳನ್ನು ಎತ್ತಿಕೊಳ್ಳುವುದು ಬೇಡ. ಗರ್ಭಿಣಿಯರೂ ದೂರವಿರಲಿ.
✅ ಜೊಲ್ಲುಗ್ರಂಥಿ, ಮೂತ್ರಪಿಂಡ ಎಲ್ಲರಲ್ಲೂ ಹೊಳೆಯುತ್ತವೆ. ಚಿತ್ರ ನೋಡಿ ಗಾಬರಿಯಾಗಬೇಡಿ.
✅ ತಮಿಳು ಬಾರದ ಅಪ್ಪನನ್ನು ಒಬ್ಬರನ್ನೇ ಕಳಿಸಬೇಡಿ.

ಚಿಕಿತ್ಸೆ ಏನೆಂದು ಡಾಕ್ಟರೇ ಹೇಳಬೇಕು. ಅವರ ಹತ್ತಿರ ಬೇಗ ಕರೆದೊಯ್ಯುವುದು ಮಕ್ಕಳ ಕೈಯಲ್ಲಿದೆ. ಮನೆಯಲ್ಲಿ ಹಿರಿಯರಿರುವವರಿಗೆಲ್ಲ ಕಳಿಸಿ. 🙏