ಬುತ್ತಿಯೋ, ಖಾನಾವಳಿಯೋ?

ಹಳೆಯ ಕನ್ನಡ ಗ್ರಂಥದ ಪುಟವೊಂದರ ಚಿತ್ರವನ್ನು ಓದಿ, ಅದನ್ನು ಅಕ್ಷರಗಳಾಗಿ ಬರೆದುಕೊಡುವ ತಂತ್ರಾಂಶಗಳಲ್ಲಿ ಟೆಸರಾಕ್ಟ್ ಹೆಸರುವಾಸಿಯಾದುದು. 1980ರ ದಶಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿದ ಇದರ ಮೂಲಪಾಠವನ್ನು 2005ರಲ್ಲಿ ಎಲ್ಲರಿಗೂ ತೆರೆದಿಡಲಾಯಿತು. ಆದುದರಿಂದ ಅದನ್ನು ಯಾರು ಬೇಕಾದರೂ ತಾವೇ ಕಟ್ಟಿಕೊಳ್ಳಬಹುದು. ಪಿ.ಜೆ. ಬಡಾವಣೆಯ ಗೆಳೆಯರೊಬ್ಬರ ಮನೆಯಲ್ಲಿ ಇಂಟರ್‌ನೆಟ್ ಇಲ್ಲದ ಹಳೆಯ ಗಣಕಯಂತ್ರವೊಂದಿದೆ. ಅದಕ್ಕಾಗಿ ಹಾಗೆ ಕಟ್ಟಲು ಹೊರಟಾಗ ನಾನು ಕಲಿತುದೇ ಈ ಲೇಖನದ ವಿಷಯ.

ಟೆಸರಾಕ್ಟ್ ಎಲ್ಲವನ್ನೂ ತಾನೇ ಮಾಡುವುದಿಲ್ಲ. ಚಿತ್ರವನ್ನು ತೆರೆದು ಹದಗೊಳಿಸುವ ಕೆಲಸ ಲೆಪ್ಟೋನಿಕಾ ಎಂಬ ಲೈಬ್ರರಿಯದು. (ಇಲ್ಲಿ ಲೈಬ್ರರಿಯೆಂದರೆ ನಮ್ಮ ಕಾಲೇಜಿನ ಪುಸ್ತಕಶಾಲೆಯಲ್ಲ, ಇತರರು ಬರೆದಿಟ್ಟ ಸಿದ್ಧ ಕ್ರಮವಿಧಿಗಳ ಕಟ್ಟು.) ಪಿಎನ್‌ಜಿ ಬಗೆಯ ಚಿತ್ರ ಬಂದರೆ ಲೆಪ್ಟೋನಿಕಾ ಲಿಬ್‌ಪಿಎನ್‌ಜಿಯನ್ನು ಆಶ್ರಯಿಸುತ್ತದೆ; ಅದು ಝಡ್‌ಲಿಬ್ ಅನ್ನು.

ಈ ಲೈಬ್ರರಿಗಳನ್ನು ಬಳಸಲು ಎರಡು ದಾರಿಗಳುಂಟು. ಹಂಚಿಕೆಯ ಲೈಬ್ರರಿ ಖಾನಾವಳಿಯಿದ್ದಂತೆ: ಊರಿಗೆಲ್ಲ ಒಂದೇ ಅಡಿಗೆ, ಹಸಿದಾಗ ಹೋಗಿ ಉಣ್ಣುವುದು. ಸ್ಥಿರ ಲೈಬ್ರರಿ ಬುತ್ತಿಯಿದ್ದಂತೆ: ಬೇಕಾದ ಭಾಗವನ್ನು ಮೊದಲೇ ಕ್ರಮವಿಧಿಯೊಳಗೆ ಸೇರಿಸಿಬಿಡುವುದು. ಗೆಳೆಯರ ಯಂತ್ರದಲ್ಲಿ ಖಾನಾವಳಿ ತೆರೆದಿರುವ ಭರವಸೆಯಿರಲಿಲ್ಲ. ಬುತ್ತಿಯನ್ನೇ ಕಟ್ಟಿದೆ.

ತೊಡಕು ಬಂದುದು ಇಲ್ಲಿ. ಹಂಚಿಕೆಯ ಲೈಬ್ರರಿ ತನಗೆ ಬೇಕಾದ ಇತರ ಲೈಬ್ರರಿಗಳ ಪಟ್ಟಿಯನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಸ್ಥಿರ ಲೈಬ್ರರಿಯಲ್ಲಿ ಅಂತಹ ಪಟ್ಟಿಯಿಲ್ಲ. ಎಲ್ಲವನ್ನೂ ಕಟ್ಟುವವನೇ ಹೆಸರಿಸಬೇಕು, ಅದೂ ಕ್ರಮವಾಗಿ. ಭಾಗಗಳನ್ನು ಜೋಡಿಸುವ ಲಿಂಕರ್ ಆಜ್ಞೆಯನ್ನು ಎಡದಿಂದ ಬಲಕ್ಕೆ ಓದುತ್ತ, ಅದುವರೆಗೆ ಯಾರಾದರೂ ಕೇಳಿರುವ ಭಾಗಗಳನ್ನು ಮಾತ್ರ ಎತ್ತಿಕೊಳ್ಳುತ್ತದೆ. ನಾನು ಝಡ್‌ಲಿಬ್ ಅನ್ನು ಮೊದಲು ಬರೆದಿದ್ದೆ. ಆಗಿನ್ನೂ ಅದನ್ನು ಯಾರೂ ಕೇಳಿರಲಿಲ್ಲ; ಲಿಂಕರ್ ಮುಂದೆ ಸಾಗಿತು. ಬಳಿಕ ಲಿಬ್‌ಪಿಎನ್‌ಜಿ ಕೇಳಿದಾಗ ಕೊಡುವವರಿಲ್ಲ! ಪರದೆಯ ತುಂಬ 'ಅನ್‌ಡಿಫೈನ್ಡ್ ರೆಫರೆನ್ಸ್' ಎಂಬ ದೂರು. ಲೈಬ್ರರಿ ಕಣ್ಣೆದುರಿಗೇ ಇದ್ದುದರಿಂದ ತಪ್ಪು ಹೊಳೆಯಲು ಒಂದು ಸಂಜೆಯೇ ಹಿಡಿಯಿತು. ಕೇಳುವವನು ಮೊದಲು, ಕೊಡುವವನು ಆಮೇಲೆ: ಟೆಸರಾಕ್ಟ್, ಲೆಪ್ಟೋನಿಕಾ, ಲಿಬ್‌ಪಿಎನ್‌ಜಿ, ಕೊನೆಗೆ ಝಡ್‌ಲಿಬ್. ಪಿಕೆಜಿ-ಕಾನ್ಫಿಗ್ ಎಂಬ ಸಾಧನಕ್ಕೆ 'ಸ್ಟ್ಯಾಟಿಕ್' ಎಂದು ಸೂಚಿಸಿದರೆ ಈ ಸರಪಳಿಯನ್ನು ಅದೇ ಒಪ್ಪಿಸುತ್ತದೆ. ಲೈಬ್ರರಿ ಬರೆದವರು ವಿವರವನ್ನು ಸರಿಯಾಗಿ ದಾಖಲಿಸಿದ್ದರೆ, ಅಷ್ಟೆ.

ಬುತ್ತಿ ಹಳಸುವುದೂ ಉಂಟು. 2023ರ ಸೆಪ್ಟೆಂಬರಿನಲ್ಲಿ ಲಿಬ್‌ವೆಬ್‌ಪಿ ಎಂಬ ಚಿತ್ರ-ಲೈಬ್ರರಿಯಲ್ಲಿ ಅಪಾಯಕರ ದೋಷವೊಂದು ಹೊರಬಿದ್ದಿತು. ಕ್ರೋಮ್, ಫೈರ್‌ಫಾಕ್ಸ್‌ಗಳೂ ತರಾತುರಿಯಿಂದ ತಿದ್ದುಪಡಿ ಹೊರಡಿಸಿದುವು. ಲೆಪ್ಟೋನಿಕಾಗೂ ಈ ಲೈಬ್ರರಿಯನ್ನು ಜೋಡಿಸಬಹುದು. ಹಂಚಿಕೆಯದಾದರೆ ಒಂದೆಡೆ ತಿದ್ದಿದರೆ ಸಾಕು. ಸ್ಥಿರವಾಗಿ ಸೇರಿಸಿದ ಪ್ರತಿಯೊಂದು ಕ್ರಮವಿಧಿಯನ್ನೂ ಮತ್ತೆ ಕಟ್ಟಬೇಕು. ಒಳಗೆ ಏನಿದೆಯೆಂಬುದೇ ಮರೆತಿದ್ದರೆ? ಅದಕ್ಕಾಗಿ ಗೆಳೆಯರ ಪ್ರತಿಯ ಜೊತೆಗೆ, ಯಾವ ಲೈಬ್ರರಿಯ ಯಾವ ಆವೃತ್ತಿಯನ್ನು ಸೇರಿಸಿದೆನೆಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದೇನೆ.