ಪ್ರೈಮರಿ ಚುನಾವಣೆಯ ಜನಮತ ಸಮೀಕ್ಷೆ: ಒಂದು ಅಗುಳಿನ ಲೆಕ್ಕ

ನಾಲ್ಕು ವರ್ಷಕ್ಕೊಮ್ಮೆ, ನಾವು ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ಹೊತ್ತಿಗೆ ಸರಿಯಾಗಿ, ಅಮೆರಿಕದ ಅಧ್ಯಕ್ಷ ಚುನಾವಣೆಯ ಸುದ್ದಿ ಕಾವೇರುತ್ತದೆ. ಮೊದಲು ಅಯೋವಾ, ನ್ಯೂ ಹ್ಯಾಂಪ್‌ಶೈರ್. ಕೆಲವು ವಾರಗಳ ನಂತರ ನಮ್ಮ ಮಿಷಿಗನ್ ಸರದಿ. ಆ ದಿನಗಳಲ್ಲಿ ಟೀವಿ ಹಾಕಿದರೆ ಸಾಕು, ಯಾರು ಎಷ್ಟು ಅಂಕ ಮುಂದಿದ್ದಾರೆ ಎಂಬ ಸಮೀಕ್ಷೆಯ ಸಂಖ್ಯೆಗಳೇ ಸಂಖ್ಯೆಗಳು. ಅಂಕಿಅಂಶ ಶಾಸ್ತ್ರ ನನ್ನ ವೃತ್ತಿಯಾದ್ದರಿಂದ ಸ್ನೇಹಿತರು ನನ್ನನ್ನು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಆರುನೂರು ಜನರನ್ನು ಕೇಳಿ ಲಕ್ಷಾಂತರ ಜನರ ಮನಸ್ಸು ತಿಳಿಯುವುದು ಹೇಗೆ? ತಿಳಿಯುವುದೇ ಆದರೆ, 2016ರಲ್ಲಿ ನಮ್ಮ ರಾಜ್ಯದಲ್ಲೇ ಅಷ್ಟು ದೊಡ್ಡದಾಗಿ ಎಡವಿದ್ದೇಕೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದು ಈ ಲೇಖನದ ಉದ್ದೇಶ.

ಪ್ರೈಮರಿ ಎಂದರೇನು?

ನಮ್ಮ ಊರುಗಳಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಪಕ್ಷದ ಹೈಕಮಾಂಡ್ ತೀರ್ಮಾನಿಸುತ್ತದೆ. ಇಲ್ಲಿ ಆ ತೀರ್ಮಾನ ಬಹುಮಟ್ಟಿಗೆ ಮತದಾರರದು. ಒಂದೊಂದು ರಾಜ್ಯವೂ ಒಂದೊಂದು ದಿನ ಮತ ಹಾಕಿ, ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಪ್ರತಿನಿಧಿಗಳನ್ನು ಹಂಚಿಕೊಡುತ್ತದೆ. ಡೆಮಾಕ್ರಟಿಕ್ ಪಕ್ಷದಲ್ಲಿ ಗೆದ್ದವರಿಗೆ ಎಲ್ಲವೂ ಸಿಗುವುದಿಲ್ಲ. ಪಡೆದ ಮತಕ್ಕೆ ತಕ್ಕಂತೆ ಪ್ರತಿನಿಧಿಗಳು ಸಿಗುತ್ತಾರೆ. ಆದರೆ ಶೇಕಡಾ 15ರ ಗೆರೆ ದಾಟದವರಿಗೆ ಏನೂ ಇಲ್ಲ. ಹಾಗಾಗಿ ಶೇ 14 ಮತ್ತು ಶೇ 16ರ ನಡುವಿನ ಅಂತರ ಕೇವಲ ಎರಡು ಅಂಕದ್ದಲ್ಲ.

ಭಾರತದಲ್ಲಿ ಜನಪ್ರತಿನಿಧಿ ಕಾಯ್ದೆಯ ಪ್ರಕಾರ ಮತದಾನದ ಕೊನೆಯ 48 ಗಂಟೆ ಟೀವಿಯಲ್ಲಿ ಅಭಿಪ್ರಾಯ ಸಮೀಕ್ಷೆ ತೋರಿಸುವಂತಿಲ್ಲ; ಮತಗಟ್ಟೆ ಸಮೀಕ್ಷೆಯನ್ನು ಕೊನೆಯ ಹಂತ ಮುಗಿಯುವವರೆಗೆ ಪ್ರಕಟಿಸುವಂತಿಲ್ಲ. ಅಮೆರಿಕದಲ್ಲಿ ಅಭಿಪ್ರಾಯ ಸಮೀಕ್ಷೆಗೆ ಅಂಥ ನಿಷೇಧವಿಲ್ಲ. ನಾವು ಮತಗಟ್ಟೆಗೆ ಹೊರಡುವ ಬೆಳಿಗ್ಗೆಯೂ ಸಮೀಕ್ಷೆಯ ಸುದ್ದಿ ಕಿವಿಗೆ ಬೀಳುತ್ತಿರುತ್ತದೆ. ಅದನ್ನು ಸರಿಯಾಗಿ ಓದುವ ಹೊಣೆ ನಮ್ಮ ಮೇಲೇ ಬೀಳುತ್ತದೆ.

ಅಗುಳು ಹಿಸುಕಿ ನೋಡುವ ವಿದ್ಯೆ

ಅನ್ನ ಬೆಂದಿದೆಯೇ ಎಂದು ತಿಳಿಯಲು ನಮ್ಮ ಅಮ್ಮಂದಿರು ಪಾತ್ರೆಯ ಅನ್ನವನ್ನೆಲ್ಲ ತಿಂದು ನೋಡಲಿಲ್ಲ. ಒಂದೆರಡು ಅಗುಳು ಹಿಸುಕಿ ನೋಡಿದರು. ಪಾತ್ರೆ ಇಬ್ಬರಿಗೆ ಮಾಡಿದ್ದಿರಲಿ, ಮದುವೆಮನೆಯದಿರಲಿ, ಅಗುಳುಗಳ ಸಂಖ್ಯೆ ಹೆಚ್ಚಬೇಕಾಗಿಲ್ಲ. ಸಮೀಕ್ಷೆಯ ತತ್ವವೂ ಇದೇ. ಯಾವ ಪಕ್ಷಪಾತವೂ ಇಲ್ಲದೆ, ಚೀಟಿ ಎತ್ತಿದಂತೆ ಆರಿಸಿದ 600 ಜನ ಚಿಕ್ಕ ನ್ಯೂ ಹ್ಯಾಂಪ್‌ಶೈರಿಗೂ ದೊಡ್ಡ ಮಿಷಿಗನ್ನಿಗೂ ಹೆಚ್ಚುಕಡಿಮೆ ಅಷ್ಟೇ ನಿಖರವಾದ ಉತ್ತರ ಕೊಡುತ್ತಾರೆ.

ಆ ನಿಖರತೆಗೂ ಒಂದು ಮಿತಿಯಿದೆ. 600 ಜನರ ಸಮೀಕ್ಷೆಯಲ್ಲಿ ಒಬ್ಬರಿಗೆ ಶೇ 45 ಎಂದು ಬಂದರೆ, ನಿಜವಾದ ಸಂಖ್ಯೆ 41ರಿಂದ 49ರವರೆಗೆ ಎಲ್ಲಾದರೂ ಇರಬಹುದು. ಇದನ್ನೇ 'ಮಾರ್ಜಿನ್ ಆಫ್ ಎರರ್' ಎನ್ನುತ್ತಾರೆ: 600 ಜನರಿಗೆ ಸುಮಾರು 4 ಅಂಕ, 1,000 ಜನರಿಗೆ ಸುಮಾರು 3 ಅಂಕ, ಆಚೆಗೂ ಈಚೆಗೂ. ಇಲ್ಲಿ ಒಂದು ಸೂಕ್ಷ್ಮವಿದೆ. ಈ ಮಿತಿ ಒಬ್ಬೊಬ್ಬ ಅಭ್ಯರ್ಥಿಯ ಸಂಖ್ಯೆಗೆ ಸಂಬಂಧಿಸಿದ್ದು. ಇಬ್ಬರೇ ಕಣದಲ್ಲಿದ್ದಾಗ ಅವರ ನಡುವಿನ ಅಂತರಕ್ಕೆ ಅದು ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ, ಏಕೆಂದರೆ ಒಬ್ಬರ ಪಾಲು ಇಳಿದಷ್ಟೂ ಇನ್ನೊಬ್ಬರದು ಏರುತ್ತದೆ. ಹಾಗಾಗಿ 600 ಜನರ ಸಮೀಕ್ಷೆಯಲ್ಲಿ ಐದು ಅಂಕದ ಮುನ್ನಡೆ ಕಂಡರೆ, ಅದು ಮುನ್ನಡೆಯೇ ಹೌದೋ ಎಂಬುದೂ ಖಚಿತವಲ್ಲ.

ಮುಖ್ಯವಾದ ಮಾತೆಂದರೆ, ಈ ಮಿತಿ ಚೀಟಿ ಎತ್ತುವುದರಲ್ಲಿನ ಅದೃಷ್ಟದ ಏರುಪೇರನ್ನು ಮಾತ್ರ ಅಳೆಯುತ್ತದೆ. ಫೋನ್ ಎತ್ತದವರು, ಉತ್ತರ ಕೊಟ್ಟರೂ ಮತ ಹಾಕದವರು, ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸುವವರು, ಇವರ್‍ಯಾರೂ ಅದರ ಲೆಕ್ಕದಲ್ಲಿಲ್ಲ. ಪ್ಯೂ ಸಂಶೋಧನಾ ಕೇಂದ್ರದ ಫೋನ್ ಸಮೀಕ್ಷೆಗಳಿಗೆ 1997ರಲ್ಲಿ ಶೇ 36 ಜನ ಉತ್ತರ ಕೊಡುತ್ತಿದ್ದರು. 2018ರ ಹೊತ್ತಿಗೆ ಅದು ಶೇ 6ಕ್ಕೆ ಇಳಿದಿತ್ತು. ಅಗುಳುಗಳೇ ಸೌಟಿಗೆ ಸಿಗದೆ ತಪ್ಪಿಸಿಕೊಳ್ಳುತ್ತಿವೆ.

ಪ್ರೈಮರಿ ಏಕೆ ಇನ್ನೂ ಕಷ್ಟ?

ನವೆಂಬರ್ ತಿಂಗಳ ಅಂತಿಮ ಚುನಾವಣೆಯ ಸಮೀಕ್ಷೆಗಳಿಗೆ ಹೋಲಿಸಿದರೆ ಪ್ರೈಮರಿ ಸಮೀಕ್ಷೆಗಳ ಸರಾಸರಿ ತಪ್ಪು ಸುಮಾರು ಎರಡರಷ್ಟು. ಇದಕ್ಕೆ ಎರಡು ಕಾರಣಗಳು ಎದ್ದು ಕಾಣುತ್ತವೆ.

ಮೊದಲನೆಯದು, ಪಕ್ಷದ ಆಸರೆ ಇಲ್ಲದಿರುವುದು. ನವೆಂಬರ್‌ನಲ್ಲಿ ಹೆಚ್ಚಿನವರು ತಮ್ಮ ಪಕ್ಷ ಬಿಟ್ಟು ಕದಲುವುದಿಲ್ಲ. ಪ್ರೈಮರಿಯಲ್ಲಿ ಎಲ್ಲರೂ ಒಂದೇ ಪಕ್ಷದವರು, ನಿಲುವುಗಳೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಒಂದು ಚರ್ಚೆ, ಹಿಂದಿನ ವಾರದ ಒಂದು ರಾಜ್ಯದ ಫಲಿತಾಂಶ, ಇಷ್ಟಕ್ಕೇ ಮನಸ್ಸು ಹೊರಳಬಹುದು.

ಎರಡನೆಯದು, ಯಾರು ಮತ ಹಾಕಲು ಬರುತ್ತಾರೆ ಎಂಬುದೇ ಗೊತ್ತಿಲ್ಲದಿರುವುದು. ಪ್ರೈಮರಿಗೆ ಬರುವವರು ಕಡಿಮೆ. ಸಮೀಕ್ಷೆಯವರು 'ಹಿಂದೆ ಮತ ಹಾಕಿದ್ದೀರಾ? ಈ ಸಲ ಖಂಡಿತ ಹಾಕುತ್ತೀರಾ?' ಎಂದು ಕೇಳಿ, ಬರಬಹುದಾದವರನ್ನು ಅಂದಾಜು ಮಾಡುತ್ತಾರೆ. ಆಮೇಲೆ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ತಕ್ಕಂತೆ ಉತ್ತರಗಳಿಗೆ ತೂಕ ಕೊಡುತ್ತಾರೆ. ಈ ತೂಕ ಎಷ್ಟು ದೊಡ್ಡ ವಿಷಯ ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ.

ಇಬ್ಬರು ಅಭ್ಯರ್ಥಿಗಳಿದ್ದಾರೆ. ಮೂವತ್ತು ವರ್ಷದೊಳಗಿನವರಲ್ಲಿ ಶೇ 80 ಮಂದಿ ಮೊದಲನೆಯವರ ಕಡೆ. ಉಳಿದ ವಯಸ್ಸಿನವರಲ್ಲಿ ಶೇ 45 ಮಂದಿ ಮಾತ್ರ ಅವರ ಕಡೆ. ಮತದಾರರಲ್ಲಿ ಯುವಜನರು ಶೇ 10 ಎಂದುಕೊಂಡರೆ ಮೊದಲನೆಯವರಿಗೆ 8 ಮತ್ತು 40.5, ಒಟ್ಟು ಶೇ 48.5 ಬರುತ್ತದೆ, ಅವರು ಮೂರು ಅಂಕದಿಂದ ಸೋಲುತ್ತಾರೆ. ಯುವಜನರು ಶೇ 20 ಎಂದುಕೊಂಡರೆ 16 ಮತ್ತು 36, ಒಟ್ಟು ಶೇ 52. ನಾಲ್ಕು ಅಂಕದಿಂದ ಗೆಲ್ಲುತ್ತಾರೆ. ಯಾರೂ ಸುಳ್ಳು ಹೇಳಲಿಲ್ಲ, ಒಬ್ಬರ ಉತ್ತರವೂ ಬದಲಾಗಲಿಲ್ಲ. ಸಮೀಕ್ಷೆಯವರ ಒಂದು ಊಹೆ ಬದಲಾಗಿದ್ದಕ್ಕೆ ಏಳು ಅಂಕ ಅತ್ತಿಂದಿತ್ತ ಹೋಯಿತು.

ನ್ಯೂ ಹ್ಯಾಂಪ್‌ಶೈರ್, 2008

2008ರ ಜನವರಿ 3ರಂದು ಅಯೋವಾದಲ್ಲಿ ಬರಾಕ್ ಒಬಾಮಾ ಗೆದ್ದರು. ಹಿಲರಿ ಕ್ಲಿಂಟನ್ ಮೂರನೆಯ ಸ್ಥಾನಕ್ಕೆ ಇಳಿದರು. ಐದೇ ದಿನದಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿ. ಕೊನೆಯ ಸಮೀಕ್ಷೆಗಳ ಸರಾಸರಿಯಲ್ಲಿ ಒಬಾಮಾಗೆ ಸುಮಾರು 38, ಕ್ಲಿಂಟನ್‌ಗೆ 30. ಜನವರಿ 8ರ ರಾತ್ರಿ ಮತ ಎಣಿಸಿದಾಗ ಕ್ಲಿಂಟನ್‌ಗೆ ಸುಮಾರು 39, ಒಬಾಮಾಗೆ 36.5 ಬಂದಿತ್ತು. ಗಮನಿಸಿ: ಒಬಾಮಾ ಬಗ್ಗೆ ಸಮೀಕ್ಷೆಗಳು ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿತ್ತು, ಕ್ಲಿಂಟನ್ ಅವರ ಬೆಂಬಲವೇ ಅಳತೆಗೆ ಸಿಕ್ಕಿರಲಿಲ್ಲ. ಅದೇ ರಾಜ್ಯದಲ್ಲಿ, ಅದೇ ದಿನ, ರಿಪಬ್ಲಿಕನ್ ಪಕ್ಷದಲ್ಲಿ ಜಾನ್ ಮೆಕೇನ್ ಗೆಲ್ಲುತ್ತಾರೆ ಎಂದು ಸಮೀಕ್ಷೆಗಳು ಹೇಳಿದ್ದು ನಿಜವಾಯಿತು.

ಜನಮತ ಸಂಶೋಧಕರ ರಾಷ್ಟ್ರೀಯ ಸಂಘವಾದ ಎಎಪಿಒಆರ್ ಒಂದು ಸಮಿತಿ ನೇಮಿಸಿ, 2009ರಲ್ಲಿ ವರದಿ ಪ್ರಕಟಿಸಿತು. ಕಪ್ಪು ಅಭ್ಯರ್ಥಿಯ ಬಗ್ಗೆ ಬಿಳಿಯರು ಸಮೀಕ್ಷೆಯವರಿಗೆ ಸುಳ್ಳು ಹೇಳಿದರು ಎಂಬ ಜನಪ್ರಿಯ ವಾದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಸಮಿತಿ ಬೆರಳಿಟ್ಟು ತೋರಿಸಿದ್ದು ಹಲವು ಸಣ್ಣ ಸಂಗತಿಗಳನ್ನು. ಸಮಯ ಕಡಿಮೆಯಿದ್ದುದರಿಂದ ಸಮೀಕ್ಷೆಗಳು ಬೇಗ ಮುಗಿದಿದ್ದವು. ಕೊನೆಯಲ್ಲಿ ತೀರ್ಮಾನಿಸಿದವರು ಲೆಕ್ಕಕ್ಕೆ ಸಿಗಲಿಲ್ಲ. ಮೊದಲ ಸಲವೇ ಫೋನಿಗೆ ಸಿಕ್ಕವರಿಗಿಂತ, ಹಲವು ಸಲ ಕರೆ ಮಾಡಿದ ಮೇಲೆ ಸಿಕ್ಕವರಲ್ಲಿ ಕ್ಲಿಂಟನ್ ಬೆಂಬಲಿಗರು ಹೆಚ್ಚಿದ್ದರು. ಮತಪತ್ರದಲ್ಲಿ ಕ್ಲಿಂಟನ್ ಹೆಸರು ಮೇಲ್ಭಾಗದಲ್ಲಿ, ಒಬಾಮಾ ಹೆಸರು ಕೆಳಭಾಗದಲ್ಲಿತ್ತು. ಮೇಲಿರುವ ಹೆಸರಿಗೆ ಸ್ವಲ್ಪ ಹೆಚ್ಚು ಮತ ಬೀಳುವುದು ಸಂಶೋಧನೆಗಳಲ್ಲಿ ಕಂಡುಬಂದಿದೆ. ಹೀಗೆ ಒಂದೊಂದೂ ಚಿಕ್ಕ ತಪ್ಪೇ. ಎಲ್ಲವೂ ಒಂದೇ ದಿಕ್ಕಿಗೆ ವಾಲಿದ್ದರಿಂದ ಒಟ್ಟು ಮೊತ್ತ ದೊಡ್ಡದಾಯಿತು.

ಮಿಷಿಗನ್, 2016

2016ರ ಮಾರ್ಚ್ 8ರ ನಮ್ಮ ಪ್ರೈಮರಿಗೆ ಮುನ್ನ ಸಮೀಕ್ಷೆಗಳ ಸರಾಸರಿಯಲ್ಲಿ ಕ್ಲಿಂಟನ್ ಅವರು ಬರ್ನಿ ಸ್ಯಾಂಡರ್ಸ್‌ಗಿಂತ 20ಕ್ಕೂ ಹೆಚ್ಚು ಅಂಕ ಮುಂದಿದ್ದರು. ಅವರು ಗೆಲ್ಲುವ ಸಾಧ್ಯತೆ ಶೇ 99ಕ್ಕೂ ಹೆಚ್ಚು ಎಂದು 'ಫೈವ್‌ಥರ್ಟಿಎಯ್ಟ್' ಲೆಕ್ಕ ಹಾಕಿತ್ತು. ಗೆದ್ದವರು ಸ್ಯಾಂಡರ್ಸ್; ಅಂತರ ಸುಮಾರು ಒಂದೂವರೆ ಅಂಕ.

ಇಲ್ಲಿನ ಕಾರಣಗಳು ನಮ್ಮ ರಾಜ್ಯದ ರೀತಿನೀತಿಗಳಲ್ಲೇ ಇದ್ದವು. ಮಿಷಿಗನ್‌ನಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವುದಿಲ್ಲ; ಯಾವ ಪಕ್ಷದ ಮತಪತ್ರ ಬೇಕೆಂದು ಆ ಹೊತ್ತಿಗೆ ಕೇಳಿ ಪಡೆಯುತ್ತಾರೆ. ಹಾಗಾಗಿ ಡೆಮಾಕ್ರಟಿಕ್ ಪ್ರೈಮರಿಗೆ ಬರುವವರು ಯಾರು ಎಂಬುದಕ್ಕೆ ಪಟ್ಟಿಯೇ ಇಲ್ಲ. ಹಿಂದಿನ ಪ್ರೈಮರಿಯನ್ನಾದರೂ ನೋಡೋಣವೆಂದರೆ, 2008ರಲ್ಲಿ ರಾಜ್ಯವು ಪಕ್ಷದ ನಿಯಮ ಮೀರಿ ದಿನಾಂಕವನ್ನು ಮುಂದಕ್ಕೆಳೆದುಕೊಂಡಿದ್ದರಿಂದ ಒಬಾಮಾ ತಮ್ಮ ಹೆಸರನ್ನೇ ಮತಪತ್ರದಿಂದ ತೆಗೆಸಿದ್ದರು. 2012ರಲ್ಲಿ ಅವರೇ ಅಧ್ಯಕ್ಷರು, ಪೈಪೋಟಿ ಇರಲಿಲ್ಲ. ಅಂದರೆ ಹೋಲಿಸಲು ಹಳೆಯ ಅಳತೆಗೋಲೇ ಇರಲಿಲ್ಲ.

ಇದರ ಮೇಲೆ, ತಾನಾಗಿಯೇ ಕರೆಮಾಡುವ ಯಂತ್ರಗಳು ಅನುಮತಿಯಿಲ್ಲದೆ ಮೊಬೈಲಿಗೆ ಕರೆ ಮಾಡುವಂತಿಲ್ಲ ಎಂಬ ಕಾನೂನಿದೆ. ಅಂಥ ಸಮೀಕ್ಷೆಗಳು ಮನೆಯ ಲ್ಯಾಂಡ್‌ಲೈನುಗಳನ್ನೇ ನೆಚ್ಚಿಕೊಂಡವು. ಆ ಫೋನ್ ಎತ್ತುವವರು ಹೆಚ್ಚಾಗಿ ಹಿರಿಯರು. ಮತಗಟ್ಟೆ ಸಮೀಕ್ಷೆಯ ಪ್ರಕಾರ ಮೂವತ್ತರೊಳಗಿನ ಮತದಾರರಲ್ಲಿ ಐವರಲ್ಲಿ ಸುಮಾರು ನಾಲ್ವರು ಸ್ಯಾಂಡರ್ಸ್ ಕಡೆಯವರು. ಮೇಲಿನ ಕಾಲ್ಪನಿಕ ಲೆಕ್ಕ ಇಲ್ಲಿ ನಿಜವಾಯಿತು. ಮಾರ್ಚ್ 6ರಂದು ಫ್ಲಿಂಟ್‌ನಲ್ಲಿ ನಡೆದ ಚರ್ಚೆಯ ಪರಿಣಾಮವನ್ನು ಅಳೆಯಲು ಸಮಯವೂ ಉಳಿದಿರಲಿಲ್ಲ.

ಇದರಿಂದ ನಷ್ಟವಾದದ್ದು ಯಾರಿಗೆ? ಸುಮಾರು 12 ಲಕ್ಷ ಮತಗಳಲ್ಲಿ ಅಂತರ ಬರೀ 17 ಸಾವಿರದ ಆಸುಪಾಸು. 'ಹೇಗೂ ಇಪ್ಪತ್ತು ಅಂಕದ ಅಂತರವಿದೆ, ನಾನೊಬ್ಬ ಹೋಗದಿದ್ದರೇನು' ಎಂದು ಮನೆಯಲ್ಲಿ ಕುಳಿತ ಎರಡೂ ಕಡೆಯ ಮತದಾರರು ತಮ್ಮ ತೀರ್ಮಾನವನ್ನು ಒಂದು ತಪ್ಪು ಸಂಖ್ಯೆಗೆ ಒಪ್ಪಿಸಿಬಿಟ್ಟಿದ್ದರು. ಮತದಾರರಷ್ಟೇ ಅಲ್ಲ, ಹಣ ಕೊಡುವವರೂ ಪತ್ರಕರ್ತರೂ ಸಮೀಕ್ಷೆಯ ಗಾಳಿ ನೋಡಿ ನಡೆಯುತ್ತಾರೆ. 2019ರಲ್ಲಿ ಡೆಮಾಕ್ರಟಿಕ್ ಪಕ್ಷದ ಮೊದಲ ಟೀವಿ ಚರ್ಚೆಗೆ ಅರ್ಹತೆ ಪಡೆಯುವ ಒಂದು ದಾರಿಯೇ ಮೂರು ಸಮೀಕ್ಷೆಗಳಲ್ಲಿ ಶೇ 1 ಗಳಿಸುವುದಾಗಿತ್ತು.

ನಾವು ಈ ಲೆಕ್ಕದಲ್ಲಿ ಇದ್ದೇವೆಯೇ?

ಮಿಷಿಗನ್ ಜನಸಂಖ್ಯೆಯಲ್ಲಿ ಏಷ್ಯಾ ಮೂಲದವರು ಸುಮಾರು ಶೇ 3. 600 ಜನರ ಸಮೀಕ್ಷೆಯಲ್ಲಿ ನಮ್ಮ ಪಾಲು ಹೆಚ್ಚೆಂದರೆ 18-20 ಮಂದಿ. ಅದರಲ್ಲಿ ಭಾರತೀಯರು ಇನ್ನೂ ಕಡಿಮೆ. 18 ಜನರ ಉತ್ತರಕ್ಕೆ ತಪ್ಪಿನ ಮಿತಿ ಸುಮಾರು 23 ಅಂಕ! ಹಾಗಾಗಿ ವರದಿಗಳಲ್ಲಿ ನಮ್ಮನ್ನು 'ಇತರರು' ಎಂಬ ಒಂದೇ ಡಬ್ಬಿಗೆ ಹಾಕುತ್ತಾರೆ. ನಮ್ಮ ಬಗ್ಗೆಯೇ ತಿಳಿಯಬೇಕಾದರೆ ಬೇರೆ ಸಮೀಕ್ಷೆ ಮಾಡಬೇಕು. 2020ರಲ್ಲಿ ಕಾರ್ನೆಗೀ ಸಂಸ್ಥೆಯ ಸಂಶೋಧಕರು ಯೂಗೌ ಜೊತೆಗೂಡಿ 1,200 ಭಾರತೀಯ ಅಮೆರಿಕನ್ನರನ್ನು ಕೇಳಿದ್ದು ಅಂಥ ಒಂದು ಪ್ರಯತ್ನ. ಇರುವ ಹದಿನೆಂಟು ಜನರಲ್ಲೂ ಅರ್ಧಕ್ಕರ್ಧ ಜನ ಅಪರಿಚಿತ ನಂಬರ್ ನೋಡಿ ಫೋನ್ ಕಟ್ ಮಾಡಿದರೆ, ನಮ್ಮ ಪರವಾಗಿ ಉಳಿದ ಕೆಲವರೇ ಮಾತಾಡಿದಂತಾಗುತ್ತದೆ.

ಎಲ್ಲ ಕರೆಗೂ ಉತ್ತರಿಸಿ ಎಂದು ನಾನು ಹೇಳುತ್ತಿಲ್ಲ. ನಿಜವಾದ ಸಮೀಕ್ಷೆಯವರು ಹಣ ಕೇಳುವುದಿಲ್ಲ, ಸೋಶಿಯಲ್ ಸೆಕ್ಯುರಿಟಿ ನಂಬರ್ ಕೇಳುವುದಿಲ್ಲ, ಪ್ರಶ್ನೆಯ ನೆಪದಲ್ಲಿ ಒಬ್ಬ ಅಭ್ಯರ್ಥಿಯ ಮೇಲೆ ಕೆಸರೆರಚುವುದಿಲ್ಲ. ಅಂಥದ್ದು ಕಂಡರೆ ಫೋನ್ ಇಟ್ಟುಬಿಡಿ. ಉಳಿದವರಿಗೆ ಹತ್ತು ನಿಮಿಷ ಕೊಡುವುದು ಪೌರಧರ್ಮವೆಂದೇ ನನ್ನ ಭಾವನೆ.

ಓದುವಾಗ ಕೇಳಬೇಕಾದ ಪ್ರಶ್ನೆಗಳು

ಮುಂದಿನ ಸಲ ಸಮೀಕ್ಷೆಯ ಸುದ್ದಿ ಕಂಡಾಗ ಇಷ್ಟನ್ನು ನೋಡಿ. ಪ್ರಶ್ನೆ ಕೇಳಿದ ದಿನಾಂಕ ಯಾವುದು. ಅದಾದ ಮೇಲೆ ಚರ್ಚೆಯೋ ಇನ್ನೊಂದು ರಾಜ್ಯದ ಫಲಿತಾಂಶವೋ ಬಂದಿದೆಯೇ? ಕೇಳಿದ್ದು ನೋಂದಾಯಿತರನ್ನೋ, ಮತ ಹಾಕಬಹುದಾದವರನ್ನೋ? ಮೊಬೈಲ್ ಇರುವವರನ್ನೂ ಕೇಳಿದ್ದಾರೆಯೇ? ಇನ್ನೂ ತೀರ್ಮಾನಿಸದವರು ಎಷ್ಟು? ಅವರ ಸಂಖ್ಯೆ ಅಭ್ಯರ್ಥಿಗಳ ನಡುವಿನ ಅಂತರಕ್ಕಿಂತ ಹೆಚ್ಚಿದ್ದರೆ ಆ ಮುನ್ನಡೆಯನ್ನು ನೆಚ್ಚಬೇಡಿ. ಹಣ ಕೊಟ್ಟು ಮಾಡಿಸಿದವರು ಯಾರು? ಒಂದೇ ಸಮೀಕ್ಷೆಗಿಂತ ಹಲವುಗಳ ಸರಾಸರಿ ಮೇಲು; ಆದರೆ ಮಿಷಿಗನ್ ತೋರಿಸಿದಂತೆ, ಎಲ್ಲರೂ ಒಂದೇ ತಪ್ಪು ಊಹೆ ಮಾಡಿದ್ದರೆ ಸರಾಸರಿಯೂ ಕಾಪಾಡುವುದಿಲ್ಲ.

ಸಮೀಕ್ಷೆ ಸುಳ್ಳು ಎಂದು ತಳ್ಳಿಹಾಕುವುದೂ ತಪ್ಪು, ಫಲಿತಾಂಶವೇ ಬಂದುಬಿಟ್ಟಿತು ಎಂದು ನಂಬುವುದೂ ತಪ್ಪು. ಪ್ರೈಮರಿಯ ಸಮೀಕ್ಷೆ, ಅಕ್ಕಿ ಇನ್ನೂ ಬೇಯುತ್ತಿರುವಾಗ ಎತ್ತಿದ ಅಗುಳು. ಆ ಪಾತ್ರೆಯಲ್ಲಿ ನಮ್ಮ ಮತವೂ ಇರುವುದು ಮಾತ್ರ ಸಮೀಕ್ಷೆಯವರ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ. ಪೌರತ್ವ ಪಡೆದು ಇನ್ನೂ ನೋಂದಾಯಿಸಿಕೊಳ್ಳದವರು ನೋಂದಾಯಿಸಿಕೊಳ್ಳಿ. ಹದಿನೆಂಟು ತುಂಬಿದ ಮಕ್ಕಳಿಗೂ ಹೇಳಿ. ಸಮೀಕ್ಷೆ ಏನೇ ಹೇಳಲಿ, ಪ್ರೈಮರಿಯ ದಿನ ಹೋಗಿ ಮತ ಹಾಕಿ ಬನ್ನಿ.